ಸಂಬಳ ಏರಿತು, ಕೈ ಖಾಲಿ
ದಿನವಿಡೀ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಕೋಟಿಗಟ್ಟಲೆ ದುಡ್ಡಿನ ಎಂಟ್ರಿ ಹಾಕುತ್ತೇನೆ, ನನ್ನ ಸಂಬಳ 22,000. ಪಿಎಫ್‌ಗೆ 1,800 ಹೋಯಿತು, ಬೆಂಗಳೂರಿನ ಲಗ್ಗೆರೆಯ ಒಂದು ರೂಮಿನ ಮನೆಗೆ 9,000, ರೇಷನ್ನು, ಬಸ್ಸು, ತಂಗಿ ಫೀಸು ಅಂತ 15ನೇ ತಾರೀಖಿಗೇ ಗೋವಿಂದ.

ಹೊಟ್ಟೆ ಉರಿಯೋದು ಅದಕ್ಕಲ್ಲ. ಮೊದಲು 20,500 ಇದ್ದಾಗ ಇಎಸ್‌ಐ, ಅಂದರೆ ಕಮ್ಮಿ ಸಂಬಳದ ನೌಕರರಿಗೂ ಮನೆಯವರಿಗೂ ಇರೋ ಸರ್ಕಾರಿ ಆರೋಗ್ಯ ವಿಮೆ, ಇತ್ತು. ತಿಂಗಳಿಗೆ ಮುಕ್ಕಾಲು ಪರ್ಸೆಂಟ್, ಅಂದರೆ ಬರೀ 154 ರೂಪಾಯಿ ಹಿಡಿಯುತ್ತಿದ್ದರು, ಅಮ್ಮನ ಶುಗರ್ ಮಾತ್ರೆಯೂ ಅದರಲ್ಲೇ ಸಿಗುತ್ತಿತ್ತು. 1,500 ಇನ್‌ಕ್ರಿಮೆಂಟ್ ಕೊಟ್ಟರು ನೋಡಿ, ಇಎಸ್‌ಐಗೆ ಇರೋ 21,000ದ ಸಂಬಳದ ಮಿತಿ ದಾಟಿತು, ಹಣ ಹಿಡಿಯೋ ಆರು ತಿಂಗಳ ಅವಧಿ ಮುಗಿದಿದ್ದೇ ಕಡಿತ ನಿಂತಿತು, ಆಮೇಲೆ ಕೆಲವು ತಿಂಗಳಿಗೆ ಸೌಲಭ್ಯವೂ ಹೋಯಿತು. ಈಗ ಮಾತ್ರೆ, ಟೆಸ್ಟು ಸೇರಿ ತಿಂಗಳಿಗೆ 1,700! ಸಂಬಳ ಜಾಸ್ತಿ ಆಗಿದ್ದಾ ಕಮ್ಮಿ ಆಗಿದ್ದಾ? ಇದರ ಮೇಲೆ ಆಫೀಸಲ್ಲಿ ಸ್ವೀಟು ಬೇರೆ ಕೇಳಿದರು, ಕೊಡಿಸಿದೆ, ಸಾಲ ಮಾಡಿ.