ದೊಡ್ಡಪ್ಪನ ಬಗ್ಗೆ ಯಾರೂ ಹೇಳದೆ ಉಳಿದದ್ದು

ದೊಡ್ಡಪ್ಪನ ಸ್ಮರಣೆಯ ಆರಾಧನೆಯಲ್ಲಿ ಮಾತನಾಡಿದವರೆಲ್ಲರೂ ಅವರನ್ನು ‘ಪ್ರೀತಿಯ ತಂದೆ’, ‘ಆದರ್ಶ ಪತಿ’, ‘ದೈವಭಕ್ತ’ ಎಂದರು. ಚರ್ಚಿನಲ್ಲಿ ಅವರು ವಹಿಸಿಕೊಂಡಿದ್ದ ಜವಾಬ್ದಾರಿಗಳ ಪಟ್ಟಿಯನ್ನೂ ಓದಿದರು. ಒಂದೂ ಸುಳ್ಳಲ್ಲ. ಆದರೆ ಆ ಮಾತುಗಳು ಯಾವ ಒಳ್ಳೆಯ ಮನುಷ್ಯನಿಗಾದರೂ ಒಪ್ಪುತ್ತವೆ. ನಮ್ಮ ದೊಡ್ಡಪ್ಪ ಅವುಗಳಲ್ಲಿ ನನಗೆ ಕಾಣಿಸಲಿಲ್ಲ.

ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 9ನೆಯ ಅಧ್ಯಾಯದಲ್ಲಿ ಯೊಪ್ಪ ಎಂಬ ಊರಿನ ದೊರ್ಕ ಎಂಬಾಕೆ ತೀರಿಕೊಂಡ ಪ್ರಸಂಗವಿದೆ. ಯೇಸುವಿನ ಶಿಷ್ಯ ಪೇತ್ರನು ಬಂದಾಗ ವಿಧವೆಯರು ಅಳುತ್ತಾ, ಆಕೆ ಬದುಕಿದ್ದಾಗ ಮಾಡಿಕೊಟ್ಟಿದ್ದ ಅಂಗಿಗಳನ್ನೂ ಬಟ್ಟೆಗಳನ್ನೂ ಅವನಿಗೆ ತೋರಿಸುತ್ತಾರೆ. ಅಗಲಿದವರನ್ನು ನೆನೆಯುವುದೆಂದರೆ ನನ್ನ ಮಟ್ಟಿಗೆ ಇದೇ. ಹೊಗಳಿಕೆ ಸಾಕು, ಅಂಗಿ ತೋರಿಸಿ.

ನಾನು ತೋರಿಸಬಹುದಾದದ್ದು ಇದು. ದೊಡ್ಡಮ್ಮನಿಗೆ ಮರೆವಿನ ಕಾಯಿಲೆ ಬಲಿತ ಮೇಲೂ ದೊಡ್ಡಪ್ಪ ಅವರನ್ನು ಭಾನುವಾರದ ಆರಾಧನೆಗೆ ಕರೆತರುವುದನ್ನು ಬಿಡಲಿಲ್ಲ. ಬೇಕೆಂದಾಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದರು. ಹಾಡಿನ ಪುಸ್ತಕ ಇಬ್ಬರ ನಡುವೆ. ದೊಡ್ಡಪ್ಪನ ತೋರುಬೆರಳು ಸಾಲಿನ ಕೆಳಗೆ ಒಂದೊಂದೇ ಪದಕ್ಕೆ ಸರಿಯುತ್ತಿತ್ತು. ದೊಡ್ಡಮ್ಮ ತಡವರಿಸಿದಲ್ಲಿ ಬೆರಳೂ ನಿಲ್ಲುತ್ತಿತ್ತು. ಸಭೆ ಮುಂದಿನ ಚರಣಕ್ಕೆ ಹೋಗಿರುತ್ತಿತ್ತು, ಇವರಿಬ್ಬರು ಇನ್ನೂ ಹಿಂದಿನದರಲ್ಲೇ. ಗಟ್ಟಿ ಕಂಠದ ದೊಡ್ಡಪ್ಪ ಆ ವರ್ಷಗಳಲ್ಲಿ ಹೆಂಡತಿಗೆ ಕೇಳಿಸುವಷ್ಟೇ ಹಾಡಿದರು.

ಚರ್ಚಿನ ಕೆಲಸದ ನೆಪದಲ್ಲಿ ಮನೆಯ ಕೆಲಸದಿಂದ ನುಣುಚಿಕೊಳ್ಳುವ ಗಂಡಸರನ್ನು ಸಾಕಷ್ಟು ನೋಡಿದ್ದೇನೆ. ಸಮಿತಿಯ ಸಭೆಗೆ ಎಲ್ಲರಿಗಿಂತ ಮೊದಲು ಹಾಜರು, ಮಗುವಿಗೆ ಜ್ವರ ಬಂದ ರಾತ್ರಿ ನಾಪತ್ತೆ. ಇದನ್ನು ಭಕ್ತಿಯೆಂದು ಮೆಚ್ಚಲು ನನಗೆ ಮನಸ್ಸು ಬರುವುದಿಲ್ಲ. ಸ್ವಂತ ಮನೆಯನ್ನೇ ನಡೆಸಲರಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂಬ ಪ್ರಶ್ನೆ ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲೇ ಇದೆ.

ದೊಡ್ಡಪ್ಪನಿಗೂ ಕೋಪವಿತ್ತು, ಮಗನ ಮೇಲೆ ತುಸು ಹೆಚ್ಚೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗಬೇಕೆಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ ಹೇಳುತ್ತದಲ್ಲ, ಅದನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. ಹಿಂದಿನ ರಾತ್ರಿ ಮಗನನ್ನು ಗದರಿದ್ದರೆ, ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗಾಗಿ ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಲು, ಏಳುವ ಮೊದಲು ಅವನತ್ತ ಬಾಗಿ ‘ತಪ್ಪಾಯಿತಪ್ಪಾ’ ಎನ್ನುತ್ತಿದ್ದರು. ಆಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಮಕ್ಕಳ ಮುಂದೆ ತಂದೆ ತಲೆಬಾಗಬಾರದು ಎನ್ನುವವರ ನಡುವೆಯೇ ಅವರು ಹೀಗೆ ಬಾಳಿದರು.

ಅವರ ಕಿರಿಯ ಮೊಮ್ಮಗಳಿಗೆ ಅಜ್ಜನ ಮುಖವೂ ಸರಿಯಾಗಿ ನೆನಪಿರಲಾರದು. ಅವಳಿಗಾಗಿ ಇಂಥವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ದೊಡ್ಡಪ್ಪನನ್ನು ಬಲ್ಲವರು ದಯವಿಟ್ಟು ಅವರು ನಿಮಗೆ ಮಾಡಿದ ಒಂದಾದರೂ ಕೆಲಸವನ್ನು ನನಗೆ ಬರೆದು ಕಳುಹಿಸಿ, ಎಷ್ಟೇ ಸಣ್ಣದಾಗಿರಲಿ.