ಖಾಲಿ ಆತು

ಶಿರಸಿಯ ಸಣ್ಣ ಹೋಟೆಲೊಂದಕ್ಕೆ ಬೆಳಿಗ್ಗೆ ಹತ್ತೂವರೆಗೆ ಹೋಗಿ, ಬಾಳೆಹಣ್ಣು ಹಾಕಿ ಕಲಸಿ ಕರಿದ ಬನ್ಸ್ ಕೇಳಿ ನೋಡಿ. ಗಲ್ಲಾದಲ್ಲಿ ಕೂತವರು ಪೇಪರಿನಿಂದ ತಲೆ ಎತ್ತದೆ ‘ಖಾಲಿ ಆತು’ ಅನ್ನುತ್ತಾರೆ. ಘಟ್ಟ ಇಳಿದು ಕುಮಟೆಗೆ ಬಂದರೆ ಅದೇ ಮಾತು ‘ಖಾಲಿ ಆಯ್ತು ಮಾರಾಯ್ರೆ’ ಎಂದು ಕೊಂಚ ಉದ್ದವಾಗುತ್ತದೆ. ಕಾರವಾರದಲ್ಲಿ ಕೊಂಕಣಿಯ ‘ಸಂಪ್ಲೆಂ’ ಆಗಿ ಮತ್ತೆ ಗಿಡ್ಡವಾಗುತ್ತದೆ. ದನಿಯಲ್ಲಿ ಬೇಸರ ಇರುವುದಿಲ್ಲ, ಸಂಕೋಚವಂತೂ ಇಲ್ಲವೇ ಇಲ್ಲ. ಹೊಸಬರಿಗೆ ಇದು ಸೊಕ್ಕಿನ ಹಾಗೆ ಕೇಳುತ್ತದೆ. ಊರಿನವರು ಮಾತ್ರ ಸುಮ್ಮನೆ ಒಂದು ಚಾ ಕುಡಿದು, ನಾಳೆ ಎಂಟಕ್ಕೇ ಬರಬೇಕು ಅಂದುಕೊಂಡು ಎದ್ದು ಹೋಗುತ್ತಾರೆ. ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೋಟೆಲಿನ ಯೋಗ್ಯತೆ ಅಳೆಯುವವರು ಅಲ್ಲಿ ಏನೇನು ಸಿಗುತ್ತದೆ ಎಂದು ಕೇಳುವುದಿಲ್ಲ, ಯಾವುದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳುತ್ತಾರೆ.

ಬನ್ಸ್ ಯಾಕೆ ಮುಗಿಯುತ್ತದೆ ಎಂಬುದಕ್ಕೆ ಉತ್ತರ ಹಿಂದಿನ ರಾತ್ರಿಯಲ್ಲಿದೆ. 1 ಕಿಲೋ ಮೈದಾಕ್ಕೆ ಸಿಪ್ಪೆ ಕಪ್ಪು ಬಡಿಯುವಷ್ಟು ಕಳಿತ ಬಾಳೆಹಣ್ಣು 7–8, ಸಕ್ಕರೆ 200 ಗ್ರಾಂ, ಅರ್ಧ ಲೋಟ ಹುಳಿ ಮೊಸರು, ಉಪ್ಪು, ಜೀರಿಗೆ, ಅರ್ಧ ಚಮಚ ಸೋಡಾ. ನೀರು ಒಂದು ಹನಿಯೂ ಬೇಡ. ಹಣ್ಣು, ಸಕ್ಕರೆ, ಮೊಸರು ಸೇರಿಸಿ ಕಿವುಚಿದಾಗ ಆಗುವ ಲೋಳೆ ಎಷ್ಟು ಹಿಟ್ಟು ಕುಡಿಯುತ್ತದೋ ಅಷ್ಟೇ ಹಿಟ್ಟು. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ತುಸು ಅಂಟುವ ಹದ. ಹಣ್ಣು ಸರಿಯಾಗಿ ಕಳಿತಿರದಿದ್ದರೆ ರಸ ಬಿಡುವುದಿಲ್ಲ. ಆಗ ನೀರು ಹಾಕುವ ಆಸೆ ಹುಟ್ಟುತ್ತದೆ. ನೀರು ಹಾಕಿದ ಬನ್ಸ್ ಆರಿದ ಮೇಲೆ ಚರ್ಮದಂತೆ ಜಗ್ಗುತ್ತದೆ. ಕಲಸಿದ ಮುದ್ದೆ 8ರಿಂದ 10 ತಾಸು ಮುಚ್ಚಿಟ್ಟು ಕಾಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಗಿರಾಕಿ ಹೆಚ್ಚಾದರು ಎಂದು ಆಗಿಂದಾಗ ಇನ್ನೆರಡು ಕಿಲೋ ಕಲಸಿದರೆ ಆಗುವುದು ಸಿಹಿ ಪೂರಿ. ಒಳಗಿನ ಜಾಳುಜಾಳಾದ ಮೆತ್ತನೆ, ಹುಳಿ ಇದೆಯೋ ಇಲ್ಲವೋ ಅನ್ನುವಂಥ ಆ ಹುಳಿ, ಇವೆರಡೂ ತಾಸುಗಳ ಕೆಲಸ. ಅದನ್ನು ಸೋಡಾ ಸುರಿದು ಕೊಂಡುಕೊಳ್ಳಲಿಕ್ಕೆ ಹೋದರೆ ಬನ್ಸ್ ಕೆಂಪಾಗಿ, ಎಣ್ಣೆ ಕುಡಿದು, ಸಾಬೂನಿನ ವಾಸನೆ ಹೊಡೆಯುತ್ತದೆ.

ಈ ತಾಸಿನ ಲೆಕ್ಕವೂ ಘಟ್ಟದ ಮೇಲೊಂದು, ಕೆಳಗೊಂದು. ಜುಲೈ ತಿಂಗಳ ಶಿರಸಿಯ ಥಂಡಿಯಲ್ಲಿ ಸಂಜೆ ಆರಕ್ಕೇ ಕಲಸಿ ಒಲೆಯ ಪಕ್ಕ ಇಟ್ಟರೂ ಬೆಳಿಗ್ಗೆ ಹಿಟ್ಟು ನಿದ್ದೆಗಣ್ಣಲ್ಲೇ ಇರುತ್ತದೆ. ಏಪ್ರಿಲ್‌ನಲ್ಲಿ ಕಾರವಾರದ ಸೆಕೆಗೆ ರಾತ್ರಿ ಹತ್ತರ ನಂತರ ಕಲಸಿದರೂ ನಸುಕಿಗೆ ಉಕ್ಕಿ ನಿಂತಿರುತ್ತದೆ; ಇನ್ನೊಂದು ತಾಸು ತಡೆದರೆ ಹುಳಿ ಏರಿ, ಲಟ್ಟಣಿಗೆಗೆ ಹತ್ತಿಕೊಂಡು ಬಿಡುವುದಿಲ್ಲ ಅನ್ನುತ್ತದೆ. ಲಟ್ಟಿಸುವುದೂ ಪೂರಿಯಷ್ಟು ತೆಳ್ಳಗಲ್ಲ, ಹೆಚ್ಚುಕಮ್ಮಿ ಅರ್ಧ ಸೆಂಟಿಮೀಟರ್ ದಪ್ಪ. ಎಣ್ಣೆ ಹೊಗೆಯಾಡಬಾರದು. ಹಿಟ್ಟಿನಲ್ಲಿ ಇಷ್ಟು ಸಕ್ಕರೆ ಇರುವಾಗ ಮೇಲ್ಮೈ ಬೇಗ ಕಪ್ಪಾಗುತ್ತದೆ, ನಡುವೆ ಹಸಿ ಉಳಿಯುತ್ತದೆ. ಮಧ್ಯಮ ಉರಿಯಲ್ಲಿ ಬಿಟ್ಟು, ಜಾಲರಿ ಸೌಟಿನಿಂದ ಮೆಲ್ಲಗೆ ತಟ್ಟಿದರೆ ತಾನಾಗಿ ಉಬ್ಬುತ್ತದೆ. ಮುರಿದಾಗ ಎರಡು ಪದರದ ನಡುವೆ ಎಳೆಎಳೆ ಕಂಡರೆ ರಾತ್ರಿ ಕಲಸಿದವರಿಗೆ ಪೂರ್ತಿ ಅಂಕ.

ಬನ್ಸಿನ ಜೊತೆಗಾರರೂ ಹೀಗೇ ರಾತ್ರಿಯ ಲೆಕ್ಕದವರು. ಶಿರಸಿ, ಯಲ್ಲಾಪುರದ ಕಡೆಯ ಮಿಸಳ್ ಭಾಜಿಗೆ ಕಾಳು ಹಿಂದಿನ ದಿನವೇ ನೆನೆಯಬೇಕು. ಕಾರವಾರದಲ್ಲಿ ಪಾವಿನ ಜೊತೆ ಬರುವ ಪಾತಳ ಭಾಜಿಗೂ ಒಣ ಬಟಾಣಿ ರಾತ್ರಿಯೇ ನೀರಿಗೆ ಬೀಳಬೇಕು. ಸರಿಯಾಗಿ ನೆನೆಯದ ಬಟಾಣಿ ಎಷ್ಟು ಬೇಯಿಸಿದರೂ ನಡುವೆ ಸುಣ್ಣದಂತೆ ಉಳಿಯುತ್ತದೆ. ಹನ್ನೊಂದರ ಮೇಲೆ ಭಾಜಿ ತೆಳ್ಳಗಾಗಿದ್ದರೆ ಪಾತ್ರೆಗೆ ಬಿಸಿನೀರು ಸೇರಿದೆ ಎಂದು ತಿಳಿಯಬಹುದು. ಮುಗಿಯಿತು ಅನ್ನುವ ಧೈರ್ಯ ಇಲ್ಲದ ಹೋಟೆಲಿನ ಲಕ್ಷಣ ಅದು.

ಎಂದೂ ಮುಗಿಯದ ತಿಂಡಿಗಳೂ ಇವೆ. ಗೋಬಿ ಮಂಚೂರಿ, ಫ್ರೈಡ್ ರೈಸ್, ಕೆಂಪು ಬಣ್ಣದ ಕುರ್ಮಾ. ಅವನ್ನು ಬೈಯುವುದು ಬೇಡ, ಕಾಲೇಜು ಹುಡುಗರ ಹೊಟ್ಟೆಯೂ ತುಂಬಬೇಕಲ್ಲ. ಆದರೆ ಗೋಡೆಯ ಬೋರ್ಡಿನಲ್ಲಿ ನಲವತ್ತು ಹೆಸರು ಬರೆದು, ನಲವತ್ತೂ ಎಲ್ಲ ಹೊತ್ತಿಗೂ ಇದೆ ಅನ್ನುವ ಕಡೆ ಚಾ ಕುಡಿದು ಎದ್ದರೆ ಸಾಕು. ಬೋರ್ಡು ಹೇಗೂ ಓದಲಿಕ್ಕಲ್ಲ. ಅದನ್ನು ಪೇಂಟ್ ಮಾಡಿಸಿದ ವರ್ಷ ಏನೇನು ಮಾಡುವ ಉಮೇದು ಇತ್ತು ಎಂಬುದರ ದಾಖಲೆ ಅದು. ಮಾಣಿ ನೀರಿಟ್ಟಾಗ ‘ಎಂತ ಇದ್ದು?’ ಎಂದು ಕೇಳಬೇಕು. ಅವನು ಒಂದೇ ಉಸಿರಿಗೆ ಹೇಳುವ ಪಟ್ಟಿಯಲ್ಲಿ ಮೊದಲು ಬಂದದ್ದು ಒಲೆಯಿಂದ ಈಗ ಇಳಿದದ್ದು, ಕೊನೆಗೆ ಬಂದದ್ದು ಬೆಳಗಿನ ಉಪ್ಪಿಟ್ಟು.

ಘಟ್ಟದ ಮೇಲಿನ ಊಟದಲ್ಲಿ ಕಾದು ಕೂರಬೇಕಾದದ್ದು ಅಪ್ಪೆಹುಳಿ. ಪರಿಮಳದ ಅಪ್ಪೆ ಮಾವಿನಕಾಯಿ ಎರಡನ್ನು ಇಡಿಯಾಗಿ ಬೇಯಿಸಿ, ಹಿಚುಕಿ, ನಾಲ್ಕೈದು ಲೋಟ ನೀರಿಗೆ ಬಿಟ್ಟು, ಉಪ್ಪು, ಚೂರು ಬೆಲ್ಲ ಹಾಕಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಇಷ್ಟು ಸುಲಭದ್ದು ಕೆಡುವುದು ಎರಡು ಕಡೆ. ಒಂದು, ಸಾರಿನ ಹಾಗೆ ಕುದಿಸಿದರೆ ಕಾಯಿಯ ಪರಿಮಳವೆಲ್ಲ ಹಬೆಯಲ್ಲಿ ಹೋಗಿ ಬರೀ ಹುಳಿನೀರು ಉಳಿಯುತ್ತದೆ. ಇನ್ನೊಂದು, ದಪ್ಪ ಮಾಡಿದರೆ ಅದು ಗೊಜ್ಜು. ಲೋಟದಲ್ಲಿ ಹಿಡಿದು ಕುಡಿಯುವಷ್ಟು ನೀರಾಗಿರಬೇಕು. ಮಾವಿನಕಾಯಿ ಕಾಲ ದಾಟಿದ ಮೇಲೆ ಉಪ್ಪಿನಲ್ಲಿ ಹಾಕಿಟ್ಟ ಕಾಯಿ ಬಳಸುತ್ತಾರೆ. ಅದಕ್ಕೆ ಗೋಕರ್ಣದ ಪಕ್ಕದ ಸಾಣಿಕಟ್ಟಾದ ಕಲ್ಲುಪ್ಪೇ ಆಗಬೇಕು ಅನ್ನುವವರು ಬಹಳ. ಭರಣಿಯ ಕಾಯಿಯಲ್ಲಿ ಮಾಡಿದ್ದಾದರೆ ಮತ್ತೆ ಉಪ್ಪು ಹಾಕುವ ಮೊದಲು ಒಂದು ಸಲ ರುಚಿ ನೋಡಬೇಕು. ಊಟದ ಮೇಲೆ ಚಾ ಬೇಡ ಅನ್ನುವವರಿಗೆ ಕಷಾಯ ಸಿಗುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದ ಪುಡಿ, ಹಾಲು, ಬೆಲ್ಲ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ. ಇಳಿಸಿ, ತುಸು ಆರಿದ ಮೇಲೆ ಹಾಕಬೇಕು. ಅವಸರದ ಅಡುಗೆಮನೆ ಯಾವುದೆಂದು ಕಷಾಯದ ಲೋಟದ ತಳ ನೋಡಿದರೆ ಗೊತ್ತಾಗುತ್ತದೆ.

ಘಟ್ಟದ ಕೆಳಗೆ ಮುಗಿಯುವ ಗಂಟೆಯನ್ನು ನಿರ್ಧರಿಸುವುದು ಅಡುಗೆಯವರಲ್ಲ, ಸಮುದ್ರ. ಬೆಳಿಗ್ಗೆ ಮಾರ್ಕೆಟ್ಟಿನಿಂದ ಎರಡು ಬುಟ್ಟಿ ಬಂಗಡೆ, ಒಂದು ಇಸ್ವಣ (ಅಂಜಲ್), ಸ್ವಲ್ಪ ಸೆಟ್ಲಿ (ಸಿಗಡಿ) ಬಂದರೆ ಆ ದಿನದ ಊಟ ಅಷ್ಟೇ. ಹನ್ನೆರಡೂವರೆಗೆ ಶುರುವಾಗಿ ಎರಡಕ್ಕೆ ಮುಗಿಯುವ ಮೀನೂಟವೇ ನಂಬುವಂಥದ್ದು. ಬಂಗಡೆಯ ಸಾರಿಗೆ ಜುಮ್ಮನಕಾಯಿ ಬಿದ್ದಿರುತ್ತದೆ, ಕೊಂಕಣಿಯವರ ತೆಪ್ಪಳ. ಅದರ ಕರಿ ಬೀಜ ತೆಗೆದು, ಸಿಪ್ಪೆಯನ್ನಷ್ಟೇ ಜಜ್ಜಿ ಕೊನೆಯಲ್ಲಿ ಹಾಕುತ್ತಾರೆ, ಎಣ್ಣೆಯಂಶದ ಮೀನಿನ ವಾಸನೆ ತಗ್ಗಲಿಕ್ಕೆ. ತಟ್ಟೆಗೆ ಬಂದರೆ ಬದಿಗಿಡಿ, ಜಗಿದವರ ನಾಲಿಗೆ ಸ್ವಲ್ಪ ಹೊತ್ತು ಜುಮ್ಮೆಂದು ರಜೆ ಹಾಕುತ್ತದೆ.

ರವಾ ಫ್ರೈ ಹೇಳಿದ ಮೇಲೆ ಎಂಟು ಹತ್ತು ನಿಮಿಷ ಹಿಡಿಯಬೇಕು. ಎರಡೇ ನಿಮಿಷಕ್ಕೆ ಬಂದರೆ ಅದು ಮೊದಲೇ ಹುರಿದು, ಈಗ ಕಾವಲಿಗೆ ಇನ್ನೊಮ್ಮೆ ತೋರಿಸಿದ್ದು. ಉಪ್ಪು ಹಚ್ಚಿದ ಮೀನು ಕಾಲು ತಾಸು ಇಟ್ಟು, ಬಿಟ್ಟ ನೀರನ್ನು ಚೆಲ್ಲಿ, ಆಮೇಲೆ ಮೆಣಸಿನಪುಡಿ, ಅರಿಶಿನ, ಹುಳಿಯ ಮಸಾಲೆ ಸವರಿ ಅರ್ಧ ತಾಸು ಬಿಡಬೇಕು. ರವೆಯಲ್ಲಿ ಹೊರಳಿಸುವುದು ಕಾವಲಿ ಕಾದ ಮೇಲೆಯೇ. ಮೊದಲೇ ಹೊರಳಿಸಿ ಸಾಲಾಗಿ ಇಟ್ಟರೆ ರವೆ ನೀರು ಹೀರಿ ಮೆತ್ತಗಾಗುತ್ತದೆ, ಕಾವಲಿಗೆ ಬಿದ್ದ ಕೂಡಲೆ ಕೋಟಿನ ಹಾಗೆ ಕಳಚುತ್ತದೆ. ಕೆಳಬದಿ ಗಟ್ಟಿಯಾಗುವ ಮೊದಲೇ ಮಗುಚುವ ಚಪಲಕ್ಕೂ ಅದೇ ಶಿಕ್ಷೆ. ಉದುರಿದ ರವೆ ಕಾವಲಿಯಲ್ಲೇ ಉಳಿದು ಸೀದು, ಮುಂದಿನ ಮೀನಿಗೆ ಕರಿ ಚುಕ್ಕೆಯಾಗಿ ಅಂಟುತ್ತದೆ, ಕಹಿ ಬರುತ್ತದೆ. ಒಂದೊಂದು ಸರ್ತಿಗೂ ಕಾವಲಿ ಒರೆಸುವ ಹೋಟೆಲಿಗೆ ಆ ಒರೆಸುವ ಬಟ್ಟೆಯ ಬಣ್ಣವನ್ನು ಕ್ಷಮಿಸಬಹುದು.

ಬಳಚು ಅನ್ನುವ ಚಿಪ್ಪುಮೀನಿನ ಕಥೆ ಇನ್ನೂ ಸ್ವಾರಸ್ಯ. ಕಾರವಾರದಲ್ಲಿ ಅದು ತಿಸ್ರಿ. ಕುಮಟೆಯ ಪಕ್ಕದ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿನ ಜನ ಅದಕ್ಕೂ ಎಷ್ಟೋ ಮೊದಲಿನಿಂದ ಇಳಿತದ ಹೊತ್ತಿಗೆ ಮೊಣಕಾಲು ನೀರಿಗಿಳಿದು ಬಳಚು ಹೆಕ್ಕುತ್ತಿದ್ದಾರೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಸೋಮವಾರ ಊಟದ ಹೊತ್ತಿಗೆ ಸಿಕ್ಕಿದ ಬಳಚು ಸುಕ್ಕಾ ಶುಕ್ರವಾರ ಆ ಹೊತ್ತಿಗೆ ಸಿಗದೇ ಹೋಗಬಹುದು. ಮಾಣಿಯನ್ನು ಬೈದು ಪ್ರಯೋಜನವಿಲ್ಲ, ಚಂದ್ರನನ್ನು ಕೇಳಬೇಕು. ತಂದ ಬಳಚು ಉಪ್ಪುನೀರಿನಲ್ಲಿ ಕೆಲವು ತಾಸು ಕೂತು ಮರಳು ಉಗುಳಬೇಕು. ಈ ಕೆಲಸಕ್ಕೆ ಪುರುಸೊತ್ತಿಲ್ಲದ ಕಡೆ ಹಲ್ಲಿಗೆ ಕರಕರ ಸಿಗುತ್ತದೆ. ಬೇಯುವ ಮೊದಲೇ ಬಾಯಿಬಿಟ್ಟು, ತಟ್ಟಿದರೂ ಮುಚ್ಚದ್ದು ಸತ್ತದ್ದು, ಬೆಂದ ಮೇಲೂ ಬಾಯಿ ಬಿಡದ್ದೂ ನಂಬಿಕೆಯದಲ್ಲ, ಎರಡನ್ನೂ ಎಸೆಯಬೇಕು. ಚಿಪ್ಪು ತೆರೆದ ಕೂಡಲೆ ಇಳಿಸಬೇಕು, ಆಮೇಲಿನ ಒಂದೊಂದು ನಿಮಿಷವೂ ಮಾಂಸವನ್ನು ರಬ್ಬರ್ ಮಾಡುತ್ತದೆ. ಬೇಯಿಸಿದ ನೀರನ್ನು ಚೆಲ್ಲುವವರಿಗೆ ಬಳಚು ತಿನ್ನುವ ಹಕ್ಕಿಲ್ಲ.

ಸೋಲ್ ಕಡಿಗೆ ಆಯುಷ್ಯ ಇನ್ನೂ ಕಡಿಮೆ. ಹತ್ತು ಹನ್ನೆರಡು ಒಣ ಸೋಲು (ಮುರುಗಲ ಸಿಪ್ಪೆ, ಕೋಕಂ) ಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆದು ಬಿಟ್ಟ ರಸ, ಒಂದು ಕಾಯಿಯ ಹಾಲು, ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು. ಬೆಂಕಿ ಕಾಣಿಸಿದರೆ ಹುಳಿಗೆ ಕಾಯಿಹಾಲು ಒಡೆದು ಗಡ್ಡೆಗಡ್ಡೆ. ಮಧ್ಯಾಹ್ನದ್ದು ಸಂಜೆಗೆ ಮೇಲೆ ಬಿಳಿ, ಕೆಳಗೆ ಕೆಂಪು ನೀರು. ನಿಜವಾದ ಬಣ್ಣ ತಿಳಿ ಗುಲಾಬಿ, ಕೊಂಚ ಮಾಸಲು. ಮದುವೆ ಸೀರೆಯಂಥ ಗುಲಾಬಿ ಕಂಡರೆ ಅದು ಸೋಲಿನದಲ್ಲ, ಡಬ್ಬಿಯದು.

ಮಳೆಗಾಲದ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗಿಳಿಯುವ ಹಾಗಿಲ್ಲ. ಆ ಎರಡು ತಿಂಗಳು ಒಳ್ಳೆಯ ಖಾನಾವಳಿಯ ಪಟ್ಟಿ ಸೊರಗುತ್ತದೆ: ಒಣ ಸೆಟ್ಲಿ ಚಟ್ನಿ, ಹೊಳೆಮೀನು ಸಿಕ್ಕಿದರೆ ಸಿಕ್ಕಿತು, ಮೊಟ್ಟೆ, ಬಿಸಿ ಕುಚಲಕ್ಕಿ ಗಂಜಿ. ಜುಲೈ ನಡುವೆ ಇಸ್ವಣದ ದಪ್ಪ ತುಂಡು ಯಥೇಚ್ಛ ಇದೆ ಅಂದರೆ ಅದು ಐಸಿನಲ್ಲಿ ಮಲಗಿದ್ದದ್ದೋ, ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದೋ ಆಗಿರಬಹುದು. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14, ಹಾಗಾಗಿ ಇಲ್ಲಿ ಬಲೆ ಒಣಗುವಾಗ ಅಲ್ಲಿ ಬೋಟು ಓಡುತ್ತಿರುತ್ತದೆ. ತಿನ್ನಬಾರದೆಂದಲ್ಲ, ತಾಜಾ ಮೀನಿನ ದರ ಕೊಡಬಾರದು ಅಷ್ಟೇ. ಈ ದಿನಗಳಲ್ಲಿ ಗಂಜಿಗೆ ಸುಟ್ಟ ಒಣಮೀನು ಮುರಿದುಕೊಳ್ಳುವವರು ಯಾರನ್ನೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಬಾಗಿಲು ಅರ್ಧ ಮುಚ್ಚಿರುತ್ತದೆ, ಒಳಗಿನ ಬೆಂಚಿನ ಮೇಲೆ ಯಾರದೋ ಕಾಲು ಕಾಣುತ್ತದೆ. ಸಂಜೆಗೆ ಪೋಡಿ, ಶಿರಾ, ಮತ್ತೆ ಚಾ. ರಾತ್ರಿ ಎಂಟೂವರೆಗೆ ಕುರ್ಚಿಗಳು ಮೇಜಿನ ಮೇಲೇರುತ್ತವೆ. ಆಗ ಬಸ್ಸಿಳಿದು ಬಂದವರಿಗೆ ಒಳಗಿನಿಂದಲೇ ಉತ್ತರ ಬರುತ್ತದೆ, ‘ಎಲ್ಲ ಖಾಲಿ ಆತು, ಬೆಳಿಗ್ಗೆ ಬನ್ನಿ.’ ಉತ್ತರ ಕೊಟ್ಟವರ ಎರಡೂ ಕೈ ಮೊಣಕೈವರೆಗೆ ಬಾಳೆಹಣ್ಣಿನ ಲೋಳೆಯಲ್ಲಿರುತ್ತವೆ. ಬಟಾಣಿ ಆಗಲೇ ನೀರಿಗೆ ಬಿದ್ದಾಗಿದೆ. ನಾಳೆ ಸಂತೆ, ಅದಕ್ಕೆ ಮೈದಾ ಅರ್ಧ ಕಿಲೋ ಜಾಸ್ತಿ.