ಆಮೇಲೆ ಕಟ್ಟಿದ್ರಾಯ್ತು

ನಮ್ಮ ಭಾವ ಬಾಕಿ ಉಳಿಸಿಕೊಳ್ಳುವ ಜನವೇ ಅಲ್ಲ. ಹಾಲಿನವನ ಲೆಕ್ಕ ತಿಂಗಳ ಕೊನೆಯ ದಿನವೇ ಚುಕ್ತಾ. ಅಂಥವರನ್ನೂ ಆದಾಯ ತೆರಿಗೆಯ ಪೋರ್ಟಲ್ ಕೆಡಿಸಿತು. ರಿಟರ್ನ್ ತುಂಬಿ ಮುಗಿಸುವಾಗ ಇಪ್ಪತ್ತು ಸಾವಿರಕ್ಕೂ ಮೇಲೆ ಬಾಕಿ ತೋರಿಸಿ, ಜೊತೆಗೆ ಎರಡು ದಾರಿ ಕೊಟ್ಟಿತ್ತು: 'ಪೇ ನೌ', 'ಪೇ ಲೇಟರ್'. ಸರ್ಕಾರವೇ ಇಷ್ಟು ಮರ್ಯಾದೆಯಾಗಿ ಕೇಳುವಾಗ ಅವಸರವೇನು ಅಂತ ಭಾವ ಎರಡನೆಯದನ್ನು ಒತ್ತಿ, ಓಟಿಪಿ ಹಾಕಿ, ನೆಮ್ಮದಿಯಾಗಿ ಮಲಗಿದರು.

"ಎಫ್‌ಡಿ ಬಡ್ಡಿಗೆ ಬ್ಯಾಂಕಿನವರು ಆಗಲೇ ತೆರಿಗೆ ಹಿಡ್ಕೊಂಡಿದ್ದಾರಲ್ಲೋ, ಇನ್ನೆಂಥ ಬಾಕಿ?" ಅನ್ನುವುದು ಅವರ ವಾದ. ಬ್ಯಾಂಕು ಹಿಡಿಯುವುದು ಶೇ. 10. ಭಾವನ ಸಂಬಳ ಶೇ. 30ರ ಸ್ಲ್ಯಾಬಿನಲ್ಲಿದೆ. 1 ಲಕ್ಷ ಬಡ್ಡಿಗೆ ಸೆಸ್ ಸೇರಿ 31,200 ರೂಪಾಯಿ ತೆರಿಗೆ, ಹಿಡಿದದ್ದು 10,000. ಉಳಿದ 21,200 ಯಾರಪ್ಪನ ಮನೆಯಿಂದ ಬರಬೇಕು?

ಅಸಲಿಗೆ ನಮ್ಮ ಲೆಕ್ಕ ನಾವೇ ಹಾಕಿ ಕಟ್ಟುವ ಈ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆಯನ್ನು ರಿಟರ್ನ್ ಸಲ್ಲಿಸುವ ಮೊದಲೇ ಕಟ್ಟಬೇಕು. ಬಾಕಿ 10,000 ದಾಟಿದರಂತೂ ವರ್ಷದೊಳಗೇ ಮುಂಗಡ ಕಟ್ಟಬೇಕಿತ್ತು ಅಂತ ಆ ವರ್ಷ ಮುಗಿದ ಮೇಲಿನ ಏಪ್ರಿಲ್‌ನಿಂದಲೇ ತಿಂಗಳಿಗೆ ಶೇ. 1ರಂತೆ ಬಡ್ಡಿ ಓಡುತ್ತಿರುತ್ತದೆ. ಒಂದು ದಿನ ತಿಂಗಳು ದಾಟಿದರೂ ಪೂರ್ತಿ ತಿಂಗಳ ಲೆಕ್ಕ. 'ಲೇಟರ್' ಅನ್ನುವ ಗುಂಡಿಯ ಪಕ್ಕದಲ್ಲಿ ಇದನ್ನು ಕೆಂಪಕ್ಷರದಲ್ಲಿ ಬರೆಯಬಾರದೇ ಅಂತ ನನಗೂ ಅನ್ನಿಸುತ್ತದೆ.

ಕೊನೆಗೆ ಇಮೇಲಿನಲ್ಲಿ ಇಂಟಿಮೇಷನ್, ಅಂದರೆ ಇಲಾಖೆ ಲೆಕ್ಕ ನೋಡಿ ಕಳಿಸುವ ನೋಟಿಸ್, ಬಂತು. ಪಿಡಿಎಫ್ ತೆರೆಯಲು ಪ್ಯಾನ್ ಸಂಖ್ಯೆ, ಹಿಂದೆಯೇ ಹುಟ್ಟಿದ ದಿನಾಂಕ ಹಾಕಬೇಕು. ಭಾವ ಕಾರ್ಡನ್ನು ಬೆಳಕಿಗೆ ಹಿಡಿದು, ಅದರಲ್ಲಿರುವ ಹಾಗೇ ದೊಡ್ಡಕ್ಷರದಲ್ಲಿ ಒತ್ತಿದರು. ತೆರೆಯಲಿಲ್ಲ. ಇನ್ನೂ ಜೋರಾಗಿ ಒತ್ತಿದರು. "ಸಣ್ಣಕ್ಷರ ಹಾಕಿ ಭಾವ" ಅಂದರೆ, "ಸರ್ಕಾರ ದೊಡ್ಡಕ್ಷರದಲ್ಲಿ ಕೊಟ್ಟಿದ್ದನ್ನ ನಾನ್ಯಾಕೆ ಸಣ್ಣದು ಮಾಡ್ಲಿ?" ಅಂತ ನನ್ನನ್ನೇ ಗದರಿದರು. ಅಂತೂ ತೆರೆಯಿತು. ಎಡಗಡೆ ಇವರು ಕೊಟ್ಟ ಲೆಕ್ಕ, ಬಲಗಡೆ ಇಲಾಖೆಯ ಲೆಕ್ಕ, ತಳದಲ್ಲಿ ಬಡ್ಡಿ ಸೇರಿ ಕಟ್ಟಬೇಕಾದ ಮೊತ್ತ. 30 ದಿನದೊಳಗೆ ಕಟ್ಟದಿದ್ದರೆ ಮತ್ತೆ ತಿಂಗಳಿಗೆ ಶೇ. 1.

ಭಾವ ಹುರುಪಿನಿಂದ ಹೊಸ ಚಲನ್ ತೆರೆದು 'ಸೆಲ್ಫ್ ಅಸೆಸ್‌ಮೆಂಟ್' ಆರಿಸಿ, ಹಣ ಗಳಿಸಿದ ವರ್ಷವನ್ನೇ ಅಸೆಸ್‌ಮೆಂಟ್ ವರ್ಷ ಅಂತ ಹಾಕಲು ಹೊರಟಿದ್ದರು. ಕೈ ಹಿಡಿದು ನಿಲ್ಲಿಸಿದೆ. ಅಸೆಸ್‌ಮೆಂಟ್ ವರ್ಷ ಅಂದರೆ ಗಳಿಕೆಯ ಲೆಕ್ಕ ನೋಡುವ ಮುಂದಿನ ವರ್ಷ: 2023-24ರ ಗಳಿಕೆಗೆ 2024-25. ತಪ್ಪು ವರ್ಷಕ್ಕೆ ಕಟ್ಟಿದರೆ ದುಡ್ಡೂ ಹೋಗಿ ಬಾಕಿಯೂ ಹಾಗೇ ಕೂತಿರುತ್ತದೆ. ನೋಟಿಸ್ ಬಂದ ಮೇಲೆ ಸುಲಭದ ದಾರಿ ಬೇರೆ ಇದೆ: ಪೋರ್ಟಲಿನ 'ಪೆಂಡಿಂಗ್ ಆಕ್ಷನ್ಸ್' ಒಳಗೆ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್'. ಅಲ್ಲಿಂದಲೇ ಕಟ್ಟಿದರೆ ವರ್ಷ ತಪ್ಪುವ ಭಯವಿಲ್ಲ. ಲೆಕ್ಕವೇ ತಪ್ಪಿದೆ ಅನ್ನಿಸಿದರೆ ಒಪ್ಪುವುದಿಲ್ಲ ಅನ್ನಲೂ ಜಾಗವಿದೆ. ಭಾವನಿಗೆ ಆಸೆಯಾಯಿತು, ಅಕ್ಕ ಕಣ್ಣು ಬಿಟ್ಟದ್ದಕ್ಕೆ ಕಟ್ಟಿದರು.

ಚಲನ್ ಪ್ರಿಂಟ್ ತೆಗೆಯುವಾಗಲೇ ಅವರಿಗೊಂದು ಉಪಾಯ ಹೊಳೆಯಿತು. "ಎಫ್‌ಡಿನ ನಿಮ್ಮಕ್ಕನ ಹೆಸರಿಗೆ ಮಾಡಿಬಿಟ್ರೆ? ಅವಳಿಗೆ ಬೇರೆ ಆದಾಯವೇ ಇಲ್ಲ."

"ಹೆಂಡತಿಗೆ ಕೊಟ್ಟ ದುಡ್ಡಿನ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತೆ ಭಾವ. ತೆರಿಗೆ ನೀವೇ ಕಟ್ಟಬೇಕು."

ಅಡುಗೆಮನೆಯಿಂದ ಅಕ್ಕ ಬಂದಳು. "ದುಡ್ಡು ನನ್ನ ಹೆಸರಿಗೆ, ತೆರಿಗೆ ಇವರ ಹೆಸರಿಗೆ ತಾನೆ? ನಾಳೆನೇ ಮಾಡಿಸ್ರೀ."